ಕಿವಿಯ ಜಾತಕ

ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ ಮೊದಲು ಕಪಾಟಿನಿಂದ ಶಾಲು ಇಳಿಯುತ್ತಿತ್ತು, ಆಮೇಲೆ ಸವಾಯಿ ಗಂಧರ್ವ ಸಂಗೀತೋತ್ಸವದ ಟಿಕೆಟ್ಟಿನ ಮಾತು ಏಳುತ್ತಿತ್ತು. ಕಳೆದ ಸಲ ಇವೆರಡಕ್ಕೂ ಮುಂಚೆ ಮೊಬೈಲ್ ಒಂದು ಫರ್ಮಾನು ಹೊರಡಿಸಿತು: ನಿಮ್ಮ ಕಿವಿಯ ವಯಸ್ಸು ಇಷ್ಟು. 2025ರ ಡಿಸೆಂಬರ್‌ನಲ್ಲಿ ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ, ಯಾರು ಏನು ಕೇಳಿದರೆಂಬ ತನ್ನ ವರ್ಷಾಂತ್ಯದ ಲೆಕ್ಕಪತ್ರಕ್ಕೆ ಈ ಹೊಸ ಬಾಬತ್ತನ್ನು ಸೇರಿಸಿತು. ಅಂದಿನಿಂದ ಕೋಥರೂಡಿನ ನಮ್ಮ ಕನ್ನಡ ಬಳಗದಲ್ಲಿ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸುತ್ತಿಲ್ಲ. "ನಿಮ್ಮದು ಎಷ್ಟು ಬಂತು?" ಎನ್ನುವುದೇ ನಮಸ್ಕಾರವಾಗಿದೆ.

ಲೆಕ್ಕದ ಹಿಂದಿನ ಸಿದ್ಧಾಂತ ಸರಳ. ಹರೆಯದಲ್ಲಿ ಕೇಳಿದ ಹಾಡು ಮನುಷ್ಯನನ್ನು ಸಾಯುವವರೆಗೂ ಬಿಡುವುದಿಲ್ಲ ಎಂಬ ನಂಬಿಕೆ. ನಿಮ್ಮ ಓರಗೆಯವರಿಗಿಂತ ನೀವು ಯಾವ ಐದು ವರ್ಷಗಳ ಹಾಡುಗಳನ್ನು ಹೆಚ್ಚು ಕೇಳಿದ್ದೀರೋ ಅವನ್ನು ಹಿಡಿಯಬೇಕು, ಅವು ಹೊರಬಂದಾಗ ನಿಮಗೆ 16ರಿಂದ 21 ವರ್ಷವಾಗಿತ್ತೆಂದು ಭಾವಿಸಬೇಕು, ಅಲ್ಲಿಂದ ಇಲ್ಲಿಯವರೆಗೆ ಎಣಿಸಬೇಕು. ನಮ್ಮ ಜೋಯಿಸರು ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಾರೆ. ಹುಟ್ಟಿದ ಊರನ್ನಾದರೂ ಕೇಳುತ್ತಾರೆ.

ಬಳಗದ ಭಜನಾ ಮಂಡಳಿಯಲ್ಲಿ ಧಾರವಾಡದ ಮೌಶಿಯವರೊಬ್ಬರಿದ್ದಾರೆ. ದಾಸರ ಪದ ಬಿಟ್ಟು ಬೇರೆ ಕೇಳಿದವರಲ್ಲ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಎನ್ನುತ್ತಾರೆ. ಆಗ ಮೌಶಿಯವರಿಗೆ 16 ವರ್ಷವೆಂದು ಹಿಡಿದರೂ 2025ಕ್ಕೆ 477 ತುಂಬಬೇಕಿತ್ತು. ಆದರೆ ಆ್ಯಪ್‌ಗೆ ದಾಸರ ಕಾಲ ಗೊತ್ತಿಲ್ಲ, ಧ್ವನಿಮುದ್ರಿಕೆಯ ಇಸವಿ ಮಾತ್ರ ಗೊತ್ತು. ಹಳೆಯ ಮುದ್ರಿಕೆಯನ್ನು ಯಾರೋ ಮೊನ್ನೆ ಹೊಸ ಸಂಕಲನವೆಂದು ಏರಿಸಿದ್ದರೆ ಅದರ ಪಕ್ಕದಲ್ಲಿ ಮೊನ್ನೆಯ ಇಸವಿಯೇ ಕಾಣುವುದುಂಟು. ಸಾಲದ್ದಕ್ಕೆ ಮೊಮ್ಮಗ ಊಟದ ಹೊತ್ತಿಗೆ ಅದೇ ಮೊಬೈಲ್‌ನಲ್ಲಿ ತನ್ನ ಹಾಡು ಹಾಕಿಸಿಕೊಳ್ಳುತ್ತಾನೆ; ಇಲ್ಲದಿದ್ದರೆ ತುತ್ತು ಒಳಗೆ ಹೋಗುವುದಿಲ್ಲ. ಎಲ್ಲ ಸೇರಿ ಮೌಶಿಯವರಿಗೆ 19 ಬಂತು. ಅವರು ಧಾರವಾಡದಿಂದ ಪೇಡೆ ತರಿಸಿ ಹಂಚಿದರು.

ಬಳಗದ ಅಧ್ಯಕ್ಷರ ಪಾಡು ಹಾಗಾಗಲಿಲ್ಲ. ಅವರ ನಿಜವಾದ ವಯಸ್ಸು 68, ಕಿವಿಗೆ ಬಂದದ್ದು 74. ಸಕ್ಕರೆ ಏರಿದ ರಕ್ತಪರೀಕ್ಷೆಯ ವರದಿಯಂತೆ ಅದನ್ನು ಮನೆಯವರಿಗೂ ತೋರಿಸದೆ ಬಚ್ಚಿಟ್ಟರು, ಆ ರಾತ್ರಿಯಿಂದಲೇ ಚಿಕಿತ್ಸೆ ಆರಂಭಿಸಿದರು. ಮಲಗುವ ಮುನ್ನ ಹೊಚ್ಚಹೊಸ ಹಾಡುಗಳ ಪಟ್ಟಿ ಹಾಕಿ, ಸದ್ದು ಪೂರ್ತಿ ಇಳಿಸಿ, ಮೊಬೈಲನ್ನು ಚಾರ್ಜಿಗಿಟ್ಟು ಗೊರಕೆ ಹೊಡೆಯುತ್ತಾರೆ. ಬೆಳಗಾಗುವ ಹೊತ್ತಿಗೆ ನೂರಾರು ಹಾಡು ಕೇಳಿ ಮುಗಿಸಿರುತ್ತಾರೆ. ಮುಂದಿನ ಡಿಸೆಂಬರ್‌ಗೆ 30ಕ್ಕೆ ಇಳಿಯುವ ಭರವಸೆ ಅವರಿಗಿದೆ.

ಹಿಂಜವಡಿಯ ಐಟಿ ಕಚೇರಿಗೆ ಹೋಗುವ ನಮ್ಮ ಕಾರ್ಯದರ್ಶಿಯದು ತದ್ವಿರುದ್ಧ ದುಃಖ. ಆತನಿಗೆ 24, ಕಿವಿಗೆ 23. ಇಷ್ಟು ಸಾಮಾನ್ಯ ಕಿವಿ ಇಟ್ಟುಕೊಂಡು ಗೆಳೆಯರಿಗೆ ಮುಖ ತೋರಿಸುವುದು ಹೇಗೆ? ಅವನ ವಾರಗೆಯಲ್ಲಿ 80 ಬಂದವರೇ ರಸಿಕರು, ಸ್ಟೇಟಸ್‌ಗೆ ಹಾಕಿಕೊಳ್ಳಲು ಯೋಗ್ಯರು. ಹೀಗಾಗಿ ಅವನು ಅಜ್ಜನ ಕಾಲದ ಹಾಡುಗಳ ವ್ರತ ಹಿಡಿದಿದ್ದಾನೆ. ಇದ್ದಂತೆಯೇ ಕೇಳಿದರೆ ಹಿಡಿಸುವುದಿಲ್ಲ. ಯಾರೋ ಅದರ ವೇಗ ಇಳಿಸಿ, ಖಾಲಿ ಬಾವಿಯಲ್ಲಿ ನಿಂತು ಹಾಡಿದ ಹಾಗೆ ಗುಂಯ್‌ಗುಡಿಸಿ ಏರಿಸಿರಬೇಕು. ನಿಧಾನವೇ ಬೇಕಿದ್ದರೆ ಹಿಂದೂಸ್ತಾನಿ ಗಾಯನದ ಕಿರಾನಾ ಘರಾಣೆಯವರು ನೂರು ವರ್ಷದ ಹಿಂದೆಯೇ ಆ ಏರ್ಪಾಡು ಮಾಡಿಟ್ಟಿದ್ದಾರಪ್ಪ ಎಂದೆ. ಆತ ತಕ್ಷಣ ಹುಡುಕಿದ, ಹಾಕಿದ, ಒಂದಿಷ್ಟು ಹೊತ್ತು ತಾಳಿದ. "ಹಾಡು ಇನ್ನೂ ಶುರುವಾಗಿಲ್ಲವಲ್ಲ, ಕಾಕಾ?" ಎಂದು ಕೇಳಿ ಮುಂದಿನದಕ್ಕೆ ಒತ್ತಿದ.

ಅವನನ್ನು ಬೈಯುವಂತಿಲ್ಲ. ಅರ್ಧ ನಿಮಿಷ ಕೇಳಿದರೆ ಸಾಕು, ಸ್ಪಾಟಿಫೈ ಅದನ್ನು ಒಂದು ಕೇಳ್ಮೆಯೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಕಿರಾನಾದವರ ಅತಿವಿಲಂಬಿತ, ಅಂದರೆ ತೀರಾ ನಿಧಾನದ, ಏಕತಾಲದಲ್ಲಿ ಅಷ್ಟು ಹೊತ್ತಿಗೆ ತಾಳದ ಒಂದು ಆವರ್ತನವೂ ಮುಗಿದಿರುವುದಿಲ್ಲ. ಗಾಯಕರು ತಾಳದ ಮೊದಲ ಪೆಟ್ಟಾದ ಸಮ್ ಮುಟ್ಟುವ ಮೊದಲೇ ಶ್ರೋತೃ ರಸಾಸ್ವಾದನೆ ಮುಗಿಸಿ, ಪಟ್ಟಿಗೆ ಹೆಸರು ಸೇರಿಸಿ, ಎದ್ದು ಹೋಗಿರುತ್ತಾನೆ. ಇವರನ್ನು ಅರ್ಧ ನಿಮಿಷದ ರಸಿಕರೆಂದು ಕರೆಯುವುದು ಅವಮಾನವೇನಲ್ಲ. ಹದಿನೈದು ಸೆಕೆಂಡಿನ ರೀಲ್ಸ್‌ನಲ್ಲಿ ಪಲ್ಲವಿಯ ಬಾಲವನ್ನಷ್ಟೇ ಕೇಳಿ ಬೆಳೆದವರ ಪಕ್ಕದಲ್ಲಿ ನಿಲ್ಲಿಸಿದರೆ ಇವರು ಋಷಿಗಳು.

ಹಾಗೆಂದು ಹಿರಿಯರು ಮೀಸೆ ತಿರುವಬೇಕಾಗಿಲ್ಲ. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರೊಬ್ಬರು ಸ್ಪಾಟಿಫೈ ಅಂಕಿಗಳನ್ನೇ ಜಾಲಾಡಿ, ಗಂಡಸರ ಅಭಿರುಚಿ ಗಟ್ಟಿಯಾಗುವುದು 13ರಿಂದ 16ರೊಳಗೆ, ಹೆಂಗಸರದು 11ರಿಂದ 14ರೊಳಗೆ ಎಂದು ಬರೆದರು. ಮೀಸೆ ಚಿಗುರುವ ಹೊತ್ತಿಗೆ ಕಿವಿ ನಿವೃತ್ತಿಯ ಅರ್ಜಿ ಬರೆಯುತ್ತದೆ ಎಂದಾಯಿತು. ನಮ್ಮ ಅಧ್ಯಕ್ಷರು "ಸಂಗೀತ ಎಪ್ಪತ್ತರ ದಶಕದಲ್ಲೇ ಮುಗಿಯಿತು" ಎಂದು ಪ್ರತಿ ಸಭೆಯಲ್ಲೂ ಘೋಷಿಸುತ್ತಾರೆ. 1970ರಲ್ಲಿ ಅವರಿಗೆ 13 ವರ್ಷ. ಅವರ ತಂದೆಯವರ ಪ್ರಕಾರ ಸಂಗೀತ ಅದಕ್ಕೂ ಎರಡು ದಶಕ ಮೊದಲೇ ತೀರಿಕೊಂಡಿತ್ತು; ಮಗ ರೇಡಿಯೋದಲ್ಲಿ ಕೇಳುತ್ತಿದ್ದದ್ದು ಬರೀ ಕಪಿಚೇಷ್ಟೆ. ಹೀಗೆ ಪ್ರತಿ ಮನೆಯಲ್ಲೂ ಸಂಗೀತ ತಲೆಮಾರಿಗೊಮ್ಮೆ ಸಾಯುತ್ತದೆ. ಸೂತಕ ಆಚರಿಸುವವರು ಮಾತ್ರ ಬೇರೆ ಬೇರೆ.

ಅಭಿರುಚಿಯನ್ನು ಮೇಲಿನಿಂದ ಇಳಿಸುವ ಕೆಲಸವೂ ಹೊಸದಲ್ಲ. 1952ರಲ್ಲಿ ವಾರ್ತಾ ಸಚಿವರಾದ ಬಿ. ವಿ. ಕೇಸ್ಕರ್ ಅವರು ಜನರ ಕಿವಿ ಶುದ್ಧವಾಗಲೆಂದು ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳನ್ನು ಬಿಗಿಹಿಡಿದರು. ಶುದ್ಧವಾಗಲು ಒಪ್ಪದ ಜನ ರೇಡಿಯೋದ ಮುಳ್ಳನ್ನು ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೋ ಸಿಲೋನಿಗೆ ತಿರುಗಿಸಿದರು; ಸರಕಾರ 1957ರಲ್ಲಿ ಸಿನಿಮಾ ಹಾಡಿಗೂ ಜಾಗವಿದ್ದ ವಿವಿಧ ಭಾರತಿ ಆರಂಭಿಸಿ ರಾಜಿಯಾಯಿತು. ಆ ಕಾಲದ ಸುಖವೇನೆಂದರೆ, ಬೈಯುವುದಕ್ಕೆ ಒಬ್ಬ ಮಂತ್ರಿ ಇದ್ದರು, ಅವರಿಗೊಂದು ಹೆಸರಿತ್ತು, ತಿರುಗಿಸಲು ಮುಳ್ಳೊಂದಿತ್ತು. ಈಗಿನ ಮಂತ್ರಿಗೆ ಮುಖವಿಲ್ಲ. ಅವನು ನಿಷೇಧಿಸುವುದೂ ಇಲ್ಲ. ನಿನ್ನೆ ನೀವು ಮೆಚ್ಚಿದ್ದನ್ನೇ ಇಂದು ಚೂರು ಬಣ್ಣ ಬದಲಿಸಿ ಬಡಿಸುತ್ತಾನೆ, ವರ್ಷದ ಕೊನೆಗೆ "ಆಹಾ, ಎಂಥ ಅಭಿರುಚಿ ನಿಮ್ಮದು!" ಎಂದು ಬೆನ್ನು ತಟ್ಟುತ್ತಾನೆ.

ಯಂತ್ರವೇ ಕಿವಿ ಕೆಡಿಸಿತು ಎಂದು ದೂರುವವರಿಗೆ ನಮ್ಮ ಗದಗಿನ ಹುಡುಗನನ್ನು ನೆನಪಿಸಬೇಕು. ಭೀಮಸೇನ ಜೋಶಿಯವರು ಕಿರಾನಾದ ಗಾಯಕ ಅಬ್ದುಲ್ ಕರೀಂ ಖಾನರನ್ನು ಕೇಳಿ ಮರುಳಾದದ್ದು ಮೈಫಲಿನಲ್ಲಲ್ಲ, ಗ್ರಾಮಾಫೋನಿನಲ್ಲಿ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ ಹಿಡಿಯುವ ತಟ್ಟೆ. ರೀಲ್ಸ್‌ನ ಮುತ್ತಜ್ಜಿ ಎನ್ನಬಹುದು. ತಟ್ಟೆ ಮುಗಿಯಿತು, ಮುಳ್ಳು ಕರಕರ ಎಂದಿತು, ಮುಂದಿನದನ್ನು ಹುಡುಕಿಕೊಂಡು 11 ವರ್ಷದ ಹುಡುಗ 1933ರಲ್ಲಿ ಊರು ಬಿಟ್ಟ. ಟಿಕೆಟ್ಟಿಲ್ಲದೆ ರೈಲು ಹತ್ತಿದ, ಉತ್ತರವನ್ನೆಲ್ಲ ಸುತ್ತಿದ, ಗುರು ಸಿಕ್ಕಿದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ. ಈಗ ಮುಂದಿನದು ಕರೆಯದೆಯೇ ಬರುತ್ತದೆ. ಹಾಡಿಗೂ ಹಾಡಿಗೂ ನಡುವೆ ಅರೆಕ್ಷಣದ ಬಿಡುವಿಲ್ಲ, ಹುಡುಗ ಸೋಫಾ ಬಿಟ್ಟು ಏಳುವುದಿಲ್ಲ. ಎದ್ದಿದ್ದರೆ ಆ್ಯಪ್ ಅವನಿಗೆ ಏನು ಕೊಡುತ್ತಿತ್ತೋ. ಕುಂದಗೋಳವನ್ನಂತೂ ಅಲ್ಲ, ಅಲ್ಲಿಗೆ ಹೋದವರಿಗೆ ಇಷ್ಟವಾದ ಇನ್ನೂ ಹತ್ತು ಊರುಗಳನ್ನು.

ಆ ಗುರು ಸವಾಯಿ ಗಂಧರ್ವರ ನೆನಪಿಗೆ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವಕ್ಕೆ ನಾವು ಕನ್ನಡಿಗರು ಎದೆಯುಬ್ಬಿಸಿ ಹೋಗುತ್ತೇವೆ. ಪಕ್ಕದ ಮರಾಠಿ ಕುಟುಂಬಕ್ಕೆ ಗುರು ನಮ್ಮವರು, ಶಿಷ್ಯ ನಮ್ಮವರು, ಪೆಂಡಾಲ್ ಮಾತ್ರ ನಿಮ್ಮದು ಎಂದು ತಿಳಿಸಿ ಹೇಳುತ್ತೇವೆ. ಆಮೇಲೆ ತಿಂಡಿಯ ಮಳಿಗೆಗಳತ್ತ ನಡೆಯುತ್ತೇವೆ. ಹಿಂದೆ ಬೆಳಗಿನವರೆಗೂ ನಡೆಯುತ್ತಿದ್ದ ಕಚೇರಿಗಳನ್ನು ಶಬ್ದ ನಿಯಮಗಳು ರಾತ್ರಿ ಹತ್ತಕ್ಕೆ ತಂದು ನಿಲ್ಲಿಸಿವೆ. ಗಣಪತಿಯ ಮೆರವಣಿಗೆಯಲ್ಲಿ ಕಿಟಕಿಯ ಗಾಜು ನಡುಗಿಸುವ ಧ್ವನಿವರ್ಧಕಗಳ ಗೋಡೆಗೆ ಅದೇ ನಿಯಮ ಕೇಳಿಸುವುದಿಲ್ಲ. ತಂಬೂರಿಯ ಕಿವಿ ಬಹಳ ಚುರುಕು. ಕಚೇರಿ ನಡೆಯುವಾಗ ಎಲ್ಲರೂ ಸ್ವರಗಳು ಸರಸರ ಓಡುವ ತಾನ್ ಬರುವುದನ್ನೇ ಕಾಯುತ್ತ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ನಿಧಾನದ ಆಲಾಪಕ್ಕೆ ಕೈ ಇಳಿಯುತ್ತದೆ. ಹಾಗೆ ಹಿಡಿದ ತುಣುಕನ್ನು ಮನೆಗೆ ಹೋಗಿ ಯಾರೂ ಕೇಳುವುದಿಲ್ಲ, ಕಳುಹಿಸುತ್ತಾರೆ. ಕೂತು ಕೇಳಿದ ಮೂರು ಗಂಟೆ ಯಾವ ಆ್ಯಪ್‌ನ ಲೆಕ್ಕಕ್ಕೂ ಸೇರದು ಎಂಬ ಕೊರಗನ್ನು ಕಾರ್ಯದರ್ಶಿ ನನ್ನೊಡನೆ ತೋಡಿಕೊಂಡ. "ಇಷ್ಟೂ ಹೊತ್ತು ವ್ಯರ್ಥವಾಯಿತಲ್ಲ, ಕಾಕಾ" ಎಂದ.

ಈ ಗದ್ದಲದಲ್ಲೇ ಬಳಗದ ವಾರ್ಷಿಕ ಸಂಗೀತ ಸಂಜೆ ಬಂತು. ಯಾವ ಕಾಲದ ಹಾಡು ಇಡಬೇಕೆಂಬ ಜಗಳ ಪ್ರತಿ ವರ್ಷವೂ ಇದ್ದದ್ದೇ. ಈ ಸಲ ಸಮಿತಿ ವೈಜ್ಞಾನಿಕವಾಗಿ ನಡೆದುಕೊಂಡಿತು: ಎಲ್ಲ ಸದಸ್ಯರ ಕಿವಿಯ ವಯಸ್ಸು ಕೂಡಿಸಿ ಸರಾಸರಿ ತೆಗೆದರು. 46 ಬಂತು. ಆದ್ದರಿಂದ 1995ರಿಂದ 2000ದವರೆಗಿನ ಹಾಡುಗಳನ್ನು ಮಾತ್ರ ಹಾಡಿಸತಕ್ಕದ್ದು ಎಂದು ಸರ್ವಾನುಮತದ ಠರಾವು ಆಯಿತು. ಮೌಶಿಯವರು ಅದು ತಮ್ಮ ಅಪ್ಪನ ಕಾಲದ ಹಾಡಾಯಿತೆಂದು ಮುಖ ಸಿಂಡರಿಸಿದರು; 19ರ ಹರೆಯಕ್ಕೆ ಅದು ಸಹಜ. ಅಧ್ಯಕ್ಷರು ಆ ಹಾಡುಗಳನ್ನು ಸಂಗೀತವೆಂದೇ ಒಪ್ಪಿಲ್ಲ. ಸಮಿತಿಯಲ್ಲಿ ನಿಜಕ್ಕೂ 46 ವರ್ಷದವರೆಂದರೆ ಖಜಾಂಚಿ ಒಬ್ಬರೇ. ಅವರು ಹಾಡು ಕೇಳುವುದಿಲ್ಲ, ಮೊಬೈಲ್‌ನಲ್ಲಿ ಷೇರುಪೇಟೆಯ ಚರ್ಚೆ ಕೇಳುತ್ತಾರೆ. ಧ್ವನಿವರ್ಧಕದ ಬಾಡಿಗೆಯ ಚೆಕ್ಕಿಗೆ ಸಹಿ ಹಾಕಿ, ಆ ಸಂಜೆ ತಮಗೆ ಬೇರೆ ಕೆಲಸವಿದೆ ಎಂದಿದ್ದಾರೆ.