ಹಳ್ಳದೊಳಗೊಂದು ಹೆದ್ದಾರಿ

ಅಮೆರಿಕದ ಯೂಟಾ ರಾಜ್ಯದಲ್ಲಿ ರಸ್ತೆ ಮಾಡುವುದು ಬಹಳ ಸುಲಭ. ಜಲ್ಲಿ ಬೇಡ, ಡಾಂಬರು ಬೇಡ, ಟೆಂಡರ್ ಅಂತೂ ಬೇಡವೇ ಬೇಡ. ಹಿರಿಯರೊಬ್ಬರು ಬಂದು, "ನಾನು ಹುಡುಗನಾಗಿದ್ದಾಗ ಇಲ್ಲಿ ಜೀಪು ಓಡಿಸಿದ್ದೆ" ಎಂದು ಪ್ರಮಾಣ ಮಾಡಿ ಹೇಳಿದರೆ ಅರ್ಧ ರಸ್ತೆ ಆದಂತೆ. ಉಳಿದರ್ಧವನ್ನು ವಕೀಲರು ಹಾಕುತ್ತಾರೆ.

ಈ ಸೌಕರ್ಯ ಮಾಡಿಕೊಟ್ಟಿದ್ದು 1866ರ ಗಣಿ ಕಾನೂನು. ಅದರಲ್ಲಿ ಒಂದೇ ಒಂದು ವಾಕ್ಯ. ಬೇರೆ ಸಾರ್ವಜನಿಕ ಉಪಯೋಗಕ್ಕೆ ಮೀಸಲಿಡದ ಸರ್ಕಾರಿ ಜಮೀನಿನ ಮೇಲೆ ಹೆದ್ದಾರಿ ಮಾಡಿಕೊಳ್ಳುವ ಹಕ್ಕು ಕೊಡಲಾಗಿದೆ, ಅಷ್ಟೇ. ಅರ್ಜಿ ಹಾಕಿ ಎಂದಿಲ್ಲ. ನಕಾಶೆ ತನ್ನಿ ಎಂದಿಲ್ಲ. ರಿಜಿಸ್ಟರ್‌ನಲ್ಲಿ ಬರೆಸಿ ಎಂದೂ ಇಲ್ಲ. ಆಗಿನ್ನೂ ಮೋಟಾರು ಕಾರೇ ಹುಟ್ಟಿರಲಿಲ್ಲ. ಹೇಸರಗತ್ತೆ ಹೊಡೆದುಕೊಂಡು ಚಿನ್ನ ಹುಡುಕಲು ಪಶ್ಚಿಮಕ್ಕೆ ಹೊರಟವರಿಗೆ ದಾರಿಯಾಗಲಿ ಎಂದು ಬರೆದ ಸಾಲು ಅದು. 1976ರಲ್ಲಿ ಸಂಸತ್ತು ಅದನ್ನು ರದ್ದು ಮಾಡಿತು. ಮಾಡುವಾಗ ಒಂದು ಬಾಲ ಉಳಿಸಿತು: ಅಲ್ಲಿಯವರೆಗೆ ಹುಟ್ಟಿಕೊಂಡ ಹಕ್ಕುಗಳಿಗೆ ಧಕ್ಕೆ ಇಲ್ಲ.

ಆ ಬಾಲವನ್ನು ಹಿಡಿದುಕೊಂಡ ಯೂಟಾ ಇವತ್ತಿಗೂ ಬಿಟ್ಟಿಲ್ಲ. ಆರ್‌ಎಸ್ 2477 ಎಂಬುದು ಆ ಸಾಲಿನ ನಂಬರು. ಅಲ್ಲಿನ ಕೆಲವು ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥವುಗಳಲ್ಲಿ, ಈ ನಂಬರನ್ನು ಮಂತ್ರದ ಹಾಗೆ ಹೇಳುತ್ತಾರೆ. ರಾಜ್ಯ ಮತ್ತು ಕೌಂಟಿಗಳು ಸೇರಿ ಕೇಂದ್ರ ಸರ್ಕಾರದ ಮೇಲೆ ಹೂಡಿರುವ ದಾವೆಗಳಲ್ಲಿ 12,000ಕ್ಕೂ ಹೆಚ್ಚು 'ಹೆದ್ದಾರಿ'ಗಳಿವೆ. ಒಟ್ಟು ಉದ್ದ ಸುಮಾರು 35,000 ಮೈಲಿ. ಭೂಮಿಗೆ ಒಂದು ಸುತ್ತು ಹಾಕಿದ ಮೇಲೂ ಹತ್ತು ಸಾವಿರ ಮೈಲಿ ಮಿಗುತ್ತದೆ. ಅದೂ ಒಂದೇ ರಾಜ್ಯದ ಒಳಗೆ, ಅದೂ ಬಹುಪಾಲು ಮರುಭೂಮಿಯಲ್ಲಿ! ಈ ಪಟ್ಟಿಯಲ್ಲಿ ನಿಜವಾದ ರಸ್ತೆಗಳೂ ಇವೆ, ಇಲ್ಲವೆಂದಲ್ಲ. ದನ ನಡೆದ ಜಾಡು, ಯುರೇನಿಯಂ ಹುಡುಕಿದವರ ಚಕ್ರದ ಗುರುತು, ಹಳ್ಳದ ಪಾತ್ರ ಇವೂ ಇವೆ.

ನಮ್ಮ ಕಡೆ ಬಂಡಿದಾರಿ ತಗಾದೆ ಹೇಗಿರುತ್ತದೆ ಗೊತ್ತಲ್ವಾ. ಪಕ್ಕದ ಹೊಲದವನು ಬೇಲಿ ಹಾಕುತ್ತಾನೆ, ರೈತ ಗ್ರಾಮ ನಕಾಶೆ ಹಿಡಿದುಕೊಂಡು ತಹಶೀಲ್ದಾರರ ಮುಂದೆ ನಿಲ್ಲುತ್ತಾನೆ. ಆದರೆ ಆ ದಾರಿಯ ಕೊನೆಯಲ್ಲಿ ಅವನ ರಾಗಿ ಇರುತ್ತದೆ. ಯೂಟಾದ ಎಷ್ಟೋ ಹೆದ್ದಾರಿಗಳ ಕೊನೆಯಲ್ಲಿ ಏನೂ ಇಲ್ಲ. ಒಂದು ಬಂಡೆ, ಅದರ ಪಕ್ಕ ಜೀಪು ತಿರುಗಿಸಿಕೊಳ್ಳಲು ಒಂಚೂರು ಜಾಗ.

ಹಾಗಾದರೆ ಇಷ್ಟೊಂದು ಪ್ರೀತಿ ಯಾಕೆ? 1964ರ ವಿಲ್ಡರ್ನೆಸ್ ಕಾನೂನನ್ನು ಓದಬೇಕು. ಅದರ ಪ್ರಕಾರ ಒಂದು ಜಾಗವನ್ನು 'ಕಾಡು ಹಾಗೇ ಇರಲಿ' ಎಂದು ಶಾಶ್ವತವಾಗಿ ಬಿಡಬೇಕಾದರೆ ಅಲ್ಲಿ ರಸ್ತೆ ಇರಬಾರದು. ಸಾಮಾನ್ಯವಾಗಿ 5,000 ಎಕರೆಯಾದರೂ ರಸ್ತೆ ಇಲ್ಲದ ನೆಲ ಬೇಕು. ಅಂದರೆ ಆ ನೆಲದ ನಡುವೆ ಒಂದು ರಸ್ತೆ ಇದೆ ಎಂದು ಸಾಬೀತು ಮಾಡಿದರೆ ಸಾಕು, ಕಾಡಿನ ಕಥೆ ಮುಗಿಯಿತು. ರಸ್ತೆಯಲ್ಲಿ ಯಾರಾದರೂ ಓಡಾಡಬೇಕೆಂಬ ಕಟ್ಟುಪಾಡೇನೂ ಇಲ್ಲ. ಅದು ಇದ್ದರಾಯಿತು.

1996ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಯೂಟಾದ ದಕ್ಷಿಣದ ದೊಡ್ಡ ಪ್ರದೇಶವೊಂದನ್ನು ರಾಷ್ಟ್ರೀಯ ಸ್ಮಾರಕ, ಅಂದರೆ ಕೇಂದ್ರದ ರಕ್ಷಿತ ಪ್ರದೇಶ, ಎಂದು ಘೋಷಿಸಿದರು. ಹೆಸರು ಗ್ರ್ಯಾಂಡ್ ಸ್ಟೇರ್‌ಕೇಸ್ ಎಸ್ಕಲಾಂಟೆ. ಘೋಷಣೆ ಮಾಡಿದ್ದು ಪಕ್ಕದ ಅರಿಜೋನಾದಲ್ಲಿ ನಿಂತು. ಯೂಟಾಕ್ಕೆ ಬರುವ ಧೈರ್ಯವಾಗಲಿಲ್ಲ ಎಂದು ಅಲ್ಲಿನವರು ಇನ್ನೂ ಆಡಿಕೊಳ್ಳುತ್ತಾರೆ, ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. ಅದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೂರು ಕೌಂಟಿಗಳ ರಸ್ತೆ ಕೆಲಸದವರು ಗ್ರೇಡರ್ ತೆಗೆದುಕೊಂಡು ಕೇಂದ್ರದ ಜಮೀನಿಗೆ ನುಗ್ಗಿ 16 ರಸ್ತೆಗಳನ್ನು ಕೆರೆದು ಸಮ ಮಾಡಿದರು. ಯಾರನ್ನೂ ಕೇಳಲಿಲ್ಲ. ಕೇಳಿದರೆ, "ಇದು ನಮ್ಮ ಅಜ್ಜಂದಿರ ಕಾಲದ ರಸ್ತೆ." ಅಜ್ಜಂದಿರ ಕಾಲದ ರಸ್ತೆಗೆ ನಿನ್ನೆಯ ಗ್ರೇಡರ್ ಗುರುತು ಸಾಕ್ಷಿ. ಪ್ರಕರಣ ಮೇಲ್ಮನವಿ ನ್ಯಾಯಾಲಯದಲ್ಲಿ ಒಂದು ಘಟ್ಟ ಮುಟ್ಟಲು 2005 ಆಯಿತು. ನಿಮ್ಮ ರಸ್ತೆಯೇ ಇರಬಹುದು, ಆದರೂ ದುರಸ್ತಿಗಿಂತ ಹೆಚ್ಚಿನ ಕೆಲಸ ಮಾಡುವ ಮೊದಲು ಜಮೀನಿನವರಿಗೆ ಒಂದು ಮಾತು ಹೇಳಬೇಕಪ್ಪ ಎಂಬುದು ಆ ತೀರ್ಪಿನ ತಾತ್ಪರ್ಯ. ಈ ನಡುವೆ 2003ರಲ್ಲಿ ಕೇನ್ ಕೌಂಟಿಯ ಅಧಿಕಾರಿಗಳು ಕೇಂದ್ರದವರು ನೆಟ್ಟಿದ್ದ ಬೋರ್ಡುಗಳನ್ನೇ ಕಿತ್ತು ಹಾಕಿದ್ದರು. ಬೋರ್ಡು ಇಲ್ಲದಿದ್ದರೆ ನಿಷೇಧವೂ ಇಲ್ಲ, ಅಲ್ವಾ?

ನನ್ನ ಅಚ್ಚುಮೆಚ್ಚಿನ ಹೆದ್ದಾರಿ ಮಾತ್ರ ಸಾಲ್ಟ್ ಕ್ರೀಕ್. ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದೊಳಗಿನ ಒಂದು ಹಳ್ಳ ಅದು. ಕೊಲರಾಡೋ ಮತ್ತು ಗ್ರೀನ್ ನದಿಗಳನ್ನು ಬಿಟ್ಟರೆ ಆ ಉದ್ಯಾನದಲ್ಲಿ ನೀರಿನ ದೊಡ್ಡ ಆಸರೆ ಇದೇ. ಹಕ್ಕಿ, ಕಪ್ಪೆ, ಕಾಟನ್‌ವುಡ್ ಎಂಬ ದೊಡ್ಡ ಮರಗಳು, ಎಲ್ಲವೂ ಈ ಹಳ್ಳಕ್ಕೇ ಅಂಟಿಕೊಂಡಿವೆ. ಇದರಲ್ಲಿ ಜೀಪು ಓಡಿಸಿಕೊಂಡು ಹೋದರೆ ಏಂಜಲ್ ಆರ್ಚ್ ಎಂಬ ಚೆಂದದ ಕಲ್ಲಿನ ಕಮಾನಿನ ಹತ್ತಿರಕ್ಕೆ ತಲುಪಬಹುದಿತ್ತು. ಹಳ್ಳದ ಪಕ್ಕದಲ್ಲಿ ಅಲ್ಲ, ಬಹಳ ಕಡೆ ಹಳ್ಳದಲ್ಲೇ. 1990ರ ದಶಕದ ಕೊನೆಗೆ ವಾಹನ ನಿಲ್ಲಿಸಿದರು. ಸಾನ್ ವಾನ್ ಕೌಂಟಿಗೆ ಸಿಟ್ಟು ಬಂತು. ಇದು ಹಳ್ಳವಲ್ಲ, ಹೆದ್ದಾರಿ ಎಂದು ದಾವೆ ಹಾಕಿತು.

ಸುಮ್ನೆ ಕಲ್ಪಿಸಿಕೊಳ್ಳಿ. ಮರುಭೂಮಿಯಲ್ಲಿ ಜೋರು ಮಳೆ ಬಂದಾಗಲೆಲ್ಲ ಈ ಹೆದ್ದಾರಿಯ ಮೇಲೆ ಆಳೆತ್ತರದ ನೀರು ನುಗ್ಗುತ್ತದೆ. ನೀರು ಇಳಿದ ಮೇಲೆ ಹೆದ್ದಾರಿ ಇನ್ನೆಲ್ಲೋ ಇರುತ್ತದೆ. ರಸ್ತೆಯ ನಡುಗೆರೆಯಲ್ಲಿ ಮೀನು. ಟೋಲ್ ಇಡುವುದಾದರೆ ದೋಣಿಯಲ್ಲಿ ಇಡಬೇಕು. ಹೀಗಿದ್ದೂ ಕೌಂಟಿಯ ವಾದ ಗಟ್ಟಿಯಾಗಿಯೇ ಇತ್ತು: ಉದ್ಯಾನ ಆಗಿದ್ದು 1964ರಲ್ಲಿ, ಅದಕ್ಕೂ ಮೊದಲೇ ದನಗಾಹಿಗಳು, ಯುರೇನಿಯಂ ಹುಡುಕುವವರು, ಪ್ರವಾಸಿಗರು ಇಲ್ಲಿ ಓಡಾಡಿದ್ದಾರೆ. ಯೂಟಾದ ಕಾನೂನಿನ ಪ್ರಕಾರ ಹತ್ತು ವರ್ಷ ಸಾರ್ವಜನಿಕರು ಬಿಡದೆ ಬಳಸಿದ್ದರೆ ಅದು ಸಾರ್ವಜನಿಕ ರಸ್ತೆ. ಕೆಳಗಿನ ನ್ಯಾಯಾಲಯ 2011ರಲ್ಲಿ, ಮರಳು ಸರಿಯುವ, ಆಗಾಗ ಪ್ರವಾಹ ಬರುವ ಹಳ್ಳದ ಪಾತ್ರವನ್ನು ಹೆದ್ದಾರಿ ಎನ್ನಲಾಗದು ಎಂದಿತು. 2014ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. ಹಳ್ಳ ಹಳ್ಳವೇ ಎಂದು ತೀರ್ಮಾನವಾಗಲು ಹತ್ತು ವರ್ಷದ ಖಟ್ಲೆ ಬೇಕಾಯಿತು. ಇನ್ನು 12,000 ರಸ್ತೆಗಳ ಲೆಕ್ಕ ನೀವೇ ಹಾಕಿಕೊಳ್ಳಿ.

ಈ ಹತ್ತು ವರ್ಷದ ನಿಯಮದಿಂದ ಇನ್ನೊಂದು ತಮಾಷೆ ಹುಟ್ಟಿದೆ. ಹಕ್ಕು 1976ಕ್ಕೆ ಮೊದಲೇ ಹುಟ್ಟಿರಬೇಕು. ಅಂದರೆ 1966ರಿಂದಲಾದರೂ ಅಲ್ಲಿ ಓಡಾಡಿದ್ದನ್ನು ಕಂಡವರು ಬೇಕು. ಆಗ 20 ವರ್ಷದವರಾಗಿದ್ದವರಿಗೆ ಈಗ 80ರ ಆಸುಪಾಸು. ಹಾಗಾಗಿ ರಾಜ್ಯದ ವಕೀಲರು ಹಿರಿಯರ ಮನೆ ಹುಡುಕಿಕೊಂಡು ಹೋಗಿ, ಅವರಿರುವಾಗಲೇ ಹೇಳಿಕೆ ಬರೆಸಿಕೊಳ್ಳುತ್ತಿದ್ದಾರೆ. ಅದು ಹೀಗೆ ನಡೆಯುತ್ತದೆಂದು ನನ್ನ ಊಹೆ:

"ಯಜಮಾನರೇ, ಈ ರಸ್ತೆಯಲ್ಲಿ ತಾವು ಹೋಗಿದ್ದಿರಾ?"

"ಯಾವ ರಸ್ತೆ?"

"ಇದೇ, ನಕಾಶೆಯಲ್ಲಿ ಕೆಂಪು ಗೆರೆ ಎಳೆದಿದ್ದೇವಲ್ಲ."

"ಓ, ಅಲ್ಲಾ? ಒಂದ್ಸಲ ಹಸು ತಪ್ಪಿಸಿಕೊಂಡಿತ್ತು. ಹುಡುಕಿಕೊಂಡು ಹೋಗಿದ್ದೆ."

"ಹಸು ಸಿಕ್ಕಿತಾ?"

"ಇಲ್ಲ."

"ಅಂದರೆ ಮತ್ತೆ ಮತ್ತೆ ಹೋಗಿದ್ದಿರಿ. ಬರೆದುಕೊಳ್ಳಪ್ಪಾ, ನಿರಂತರ ಬಳಕೆ."

ಅದೇ ಸಾನ್ ವಾನ್ ಕೌಂಟಿಯಲ್ಲಿ ರೀಕ್ಯಾಪ್ಚರ್ ಎಂಬ ಕಣಿವೆ ಇದೆ. ಪ್ಯೂಬ್ಲೋ ಜನರ ಪೂರ್ವಿಕರು ಅಲ್ಲಿ ಕಲ್ಲಿನ ಮನೆ ಕಟ್ಟಿಕೊಂಡಿದ್ದರು. 1300ರ ಹೊತ್ತಿಗೆ ಬಿಟ್ಟು ಹೋದರು. ಗೋಡೆಗಳು, ಮಡಕೆ ಚೂರುಗಳು ಇನ್ನೂ ಇವೆ. ಕೆಲವರು ಕಳ್ಳತನದಲ್ಲಿ ಅಲ್ಲಿ ಎಟಿವಿ ದಾರಿ ಮಾಡಿದರು. ಎಟಿವಿ ಎಂದರೆ ದಪ್ಪ ಚಕ್ರದ, ಗುಡುಗುವ ನಾಲ್ಕು ಕಾಲಿನ ಬೈಕು. ಆ ದಾರಿ ಹಳೆಯ ನಿವೇಶನಗಳ ಮೇಲೆಯೇ ಹಾದುಹೋಗಿತ್ತು. ಕೇಂದ್ರದ ಭೂ ನಿರ್ವಹಣಾ ಬ್ಯೂರೋ 2007ರಲ್ಲಿ ವಾಹನ ನಿಲ್ಲಿಸಿತು. ಕಾಲ್ನಡಿಗೆಗೆ, ಕುದುರೆಗೆ ಅಡ್ಡಿಯಿರಲಿಲ್ಲ.

ಆದರೆ ಸ್ವಾತಂತ್ರ್ಯ ಎಂದರೆ ನಡೆಯುವುದಾ? 2014ರ ಮೇ 10ರಂದು ಕೌಂಟಿ ಕಮಿಷನರ್ ಫಿಲ್ ಲೈಮನ್ ಮುಂದಾಳತ್ವದಲ್ಲಿ ಪ್ರತಿಭಟನಾ ಸವಾರಿ ನಡೆಯಿತು. ಕಾನೂನು ಮುರಿದು ಹೋರಾಡಿದವರನ್ನು ನಾವೂ ಕಂಡಿದ್ದೇವೆ, ಆದರೆ ಪೆಟ್ರೋಲ್ ಹಾಕಿಸಿಕೊಂಡು ಹೊರಟ ಸತ್ಯಾಗ್ರಹ ಅಪರೂಪ. ಲೈಮನ್‌ಗೆ 10 ದಿನ ಜೈಲಾಯಿತು. ಕಟ್ಟಬೇಕಾದ ಪರಿಹಾರವೂ ಸಣ್ಣದಲ್ಲ. ಜೈಲಿನ ಹತ್ತು ದಿನ ಅವರನ್ನು ನಾಯಕನನ್ನಾಗಿ ಮಾಡಿತು. ಶಾಸಕರಾದರು. 2020ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. 2024ರಲ್ಲಿ ರಾಜ್ಯಪಾಲರ ಹುದ್ದೆಗೆ (ಅಲ್ಲಿ ಅದಕ್ಕೂ ಚುನಾವಣೆ) ಪಕ್ಷದ ಸಮ್ಮೇಳನದಲ್ಲಿ ಗೆದ್ದು, ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಯಾದ ಪ್ರೈಮರಿಯಲ್ಲಿ ಸೋತರು.

ಹತ್ತು ವರ್ಷ ಓಡಾಡಿದವರಿಗೆ ದಾರಿಯ ಹಕ್ಕು ಬರುವುದಾದರೆ, ಆ ಕಣಿವೆಯಲ್ಲಿ ನೂರಾರು ವರ್ಷ ಬದುಕಿದವರ ಮೊಮ್ಮಕ್ಕಳಿಗೆ ಏನು ಬರಬೇಕು? ಹೋಪಿ, ಝೂನಿ ಜನ ಇವತ್ತಿಗೂ ಇದ್ದಾರೆ, ಹೇಳಿಕೆ ಕೊಡಲು ತಯಾರಿದ್ದಾರೆ. ಅವರ ಅಜ್ಜಂದಿರ ಹತ್ತಿರ ಜೀಪು ಇರಲಿಲ್ಲ ಅನ್ನುವುದೊಂದೇ ಕೊರತೆ.

ಮೋಆಬ್ ಊರಿಗೆ ಬನ್ನಿ. ಕೆಂಪು ಬಂಡೆಗಳ ಮೇಲೆ ಜೀಪು ಹತ್ತಿಸುವವರಿಗೆ ಅದೇ ಕಾಶಿ. 1967ರಿಂದ ಈಸ್ಟರ್ ಹೊತ್ತಿಗೆ ಜೀಪ್ ಸಫಾರಿ ನಡೆಯುತ್ತದೆ. ಆ ಕ್ಲಬ್ಬುಗಳಲ್ಲಿ ದಾರಿ ಬಿಟ್ಟು ಒಂದು ಚಕ್ರ ಇಳಿಸದವರು, ಬೇರೆಯವರು ಬಿಸಾಕಿದ ಕಸ ಹೆಕ್ಕುವವರು ಎಷ್ಟೋ ಜನ ಇದ್ದಾರೆ. ಅವರ ಮೇಲೆ ನನಗೆ ತಕರಾರಿಲ್ಲ. ಅಲ್ಲಿನ ಮಣ್ಣಿನ ಮೇಲೆ ಕಪ್ಪಗೆ ಹೆಪ್ಪುಗಟ್ಟಿದ ಒಂದು ಜೀವಂತ ಪದರ ಇರುತ್ತದೆ, ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಕಟ್ಟಿದ್ದು. ಒಂದು ಸಲ ಚಕ್ರ ಹರಿದರೆ ಮತ್ತೆ ಸರಿಹೋಗಲು ದಶಕಗಳೇ ಬೇಕು. ಇದು ಆ ಕ್ಲಬ್ಬಿನವರಿಗೂ ಚೆನ್ನಾಗಿ ಗೊತ್ತು.

2023ರ ಸೆಪ್ಟೆಂಬರ್‌ನಲ್ಲಿ ಬ್ಯೂರೋ ಮೋಆಬ್ ಹತ್ತಿರದ ಲ್ಯಾಬಿರಿಂತ್ ಕಣಿವೆಯ ಸುತ್ತಮುತ್ತ 317 ಮೈಲಿ ದಾರಿಗಳನ್ನು ವಾಹನಗಳಿಗೆ ಮುಚ್ಚಿತು. ಅದೇ ಪ್ರದೇಶದಲ್ಲಿ 800ಕ್ಕೂ ಹೆಚ್ಚು ಮೈಲಿ ತೆರೆದೇ ಇತ್ತು. ಬೆಂಗಳೂರಿನಿಂದ ಹೊರಟರೆ ಮುಂಬೈ ದಾಟಿ ಇನ್ನೂ ಮುಂದೆ ಹೋಗಬಹುದಾದಷ್ಟು. ಆದರೂ ಎದ್ದ ಕೂಗು ಕೇಳಿದರೆ ಇಡೀ ಯೂಟಾಕ್ಕೆ ಬೀಗ ಬಿತ್ತೇನೋ ಅನ್ನಿಸಬೇಕು. ರಾಜ್ಯ ಕೋರ್ಟಿಗೆ ಹೋಯಿತು, ಆಫ್‌ರೋಡ್ ಸಂಘಟನೆಗಳೂ ಹೋದವು. ಇಂಥ ಹೊತ್ತಿನಲ್ಲಿ ತಪ್ಪದೆ ವೇದಿಕೆಗೆ ಬರುವುದು ಅಜ್ಜಿ. "ನಡೆಯಲಾರದ ಅಜ್ಜಿ ಇದನ್ನೆಲ್ಲ ನೋಡುವುದು ಹೇಗೆ?" ಅಜ್ಜಿಯ ಹೆಸರಿನಲ್ಲಿ ಕೊಂಡ ಗಾಡಿಯ ಬೆಲೆ ಹತ್ತಾರು ಸಾವಿರ ಡಾಲರ್. ಅದು ಬಂಡೆಯಿಂದ ಬಂಡೆಗೆ ನೆಗೆಯುವಾಗ ಪಕ್ಕದ ಸೀಟಿನಲ್ಲಿ ಅಜ್ಜಿ ಇರುವುದನ್ನು ನಾನಂತೂ ಯಾವ ವಿಡಿಯೋದಲ್ಲೂ ಕಂಡಿಲ್ಲ.

ಇದೆಲ್ಲ ಪರಿಸರವಾದಿಗಳ ಪಿತೂರಿ ಅನ್ನುವವರಿಗೆ ಒಂದು ಸುದ್ದಿ. ಸರ್ಕಾರಿ ಜಮೀನಿನಲ್ಲಿ ಆಫ್‌ರೋಡ್ ವಾಹನಗಳಿಗೆ ಮಿತಿ ಇರಬೇಕು, ಹಾನಿ ಆದಷ್ಟು ಕಡಿಮೆ ಆಗಬೇಕು ಎಂದು 1972ರಲ್ಲಿ ಆಜ್ಞೆ ಹೊರಡಿಸಿದ್ದು ರಿಚರ್ಡ್ ನಿಕ್ಸನ್. ಮರ ತಬ್ಬಿಕೊಂಡ ಖ್ಯಾತಿ ಅವರಿಗೆ ಎಂದೂ ಇರಲಿಲ್ಲ.

ಈಗ ಸೆನೆಟರ್ ಮೈಕ್ ಲೀ ವಿಷಯ. ಯೂಟಾದವರು. ಈ ಹಳೆಯ ರಸ್ತೆಗಳ ಹಕ್ಕು ಕೋರ್ಟಿನಲ್ಲಿ ತೀರ್ಮಾನ ಆಗುವವರೆಗೆ ಬ್ಯೂರೋ ಅವನ್ನು ಮುಚ್ಚಬಾರದು ಎಂಬ ಮಸೂದೆ ತಂದವರು. ಐತಿಹಾಸಿಕ ರಸ್ತೆಗಳ ರಕ್ಷಣಾ ಕಾಯ್ದೆ ಅದರ ಹೆಸರು. ಜನರ ಜಮೀನು ಜನರಿಗೆ ತೆರೆದಿರಬೇಕು, ಒಳ್ಳೆಯದೇ. ಇದೇ ಲೀ 2025ರ ಜೂನ್‌ನಲ್ಲಿ ಪಶ್ಚಿಮದ 11 ರಾಜ್ಯಗಳಲ್ಲಿ 20ರಿಂದ 30 ಲಕ್ಷ ಎಕರೆ ಸಾರ್ವಜನಿಕ ಜಮೀನನ್ನು ಮಾರಿಬಿಡೋಣ ಎಂದು ಬಜೆಟ್ ಮಸೂದೆಗೆ ಸೇರಿಸಲು ಹೊರಟರು. ಮನೆ ಕಟ್ಟಲು ಜಾಗ ಬೇಕಂತೆ. ಬೇಟೆಗಾರರು, ಗಾಳ ಹಾಕುವವರು, ಚಾರಣದವರು, ಒಂದೇ ಸಾಲಿನಲ್ಲಿ ಎಂದೂ ನಿಲ್ಲದವರೆಲ್ಲ ಒಟ್ಟಿಗೆ ಬೈದರು. ತಿಂಗಳ ಕೊನೆಗೆ ಲೀ ಪ್ರಸ್ತಾಪ ವಾಪಸ್ ಪಡೆದರು.

ಅದಕ್ಕೂ ಹಿಂದೆ 2024ರಲ್ಲಿ ಯೂಟಾ ರಾಜ್ಯವೇ, ನಮ್ಮಲ್ಲಿರುವ ಕೇಂದ್ರದ 1.85 ಕೋಟಿ ಎಕರೆ ಜಮೀನನ್ನು ಇಟ್ಟುಕೊಳ್ಳುವ ಅಧಿಕಾರ ಕೇಂದ್ರಕ್ಕಿಲ್ಲ ಎಂದು ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತ್ತು. ಜಾಹೀರಾತುಗಳಲ್ಲಿ ಮುಚ್ಚಿದ ದಾರಿಗಳ ಗೋಳು ಇತ್ತು. 2025ರ ಜನವರಿಯಲ್ಲಿ ಕೋರ್ಟು ಕೇಳಲು ಒಪ್ಪಲಿಲ್ಲ. ಒಪ್ಪಿ, ಜಮೀನು ರಾಜ್ಯಕ್ಕೇ ಬಂದಿದ್ದರೆ? 1896ರಲ್ಲಿ ರಾಜ್ಯವಾದಾಗ ಶಾಲೆಗಳ ಖರ್ಚಿಗೆಂದು ಯೂಟಾಕ್ಕೆ ಕೊಟ್ಟ ಜಮೀನು ಇತ್ತಲ್ಲ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಈಗಾಗಲೇ ಮಾರಾಟವಾಗಿದೆ. ಅಲ್ಲಿ ಬೇಲಿ ಹಾಕಿದವರ ಮೇಲೆ ಯಾವ ಕಮಿಷನರೂ ಎಟಿವಿ ಮೆರವಣಿಗೆ ಹೊರಟ ಸುದ್ದಿ ನನಗೆ ಸಿಕ್ಕಿಲ್ಲ.