ಮುನ್ನೆಚ್ಚರಿಕೆ ಹೆಸರಿನ ಆಂಟಿಬಯಾಟಿಕ್

ವೈರಸ್‌ನಿಂದ ಬರುವ ನ್ಯುಮೋನಿಯಾಕ್ಕೆ (ಶ್ವಾಸಕೋಶದ ಸೋಂಕಿಗೆ), ಬ್ಯಾಕ್ಟೀರಿಯಾ ಮೇಲಷ್ಟೇ ಕೆಲಸ ಮಾಡುವ ಆಂಟಿಬಯಾಟಿಕ್ಕನ್ನು ‘ಮುನ್ನೆಚ್ಚರಿಕೆಗಾಗಿ’ ಕೊಟ್ಟರೆ ನಷ್ಟವೇನಿಲ್ಲ ಎಂದು ಓದಿದ ಲೇಖನವೊಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕೂ ಇದ್ದು ಆಂಟಿಬಯಾಟಿಕ್ ಬೇಕಾಗಿದ್ದದ್ದು ಶೇ. 8 ಮಂದಿಗೆ, ಕೊಟ್ಟಿದ್ದು ಸುಮಾರು ಶೇ. 75 ಮಂದಿಗೆ. ವಿಶ್ವ ಆರೋಗ್ಯ ಸಂಸ್ಥೆಯೇ 2024ರಲ್ಲಿ ಹೇಳಿದ ಲೆಕ್ಕ ಇದು.

ಬೇಡದ ಆಂಟಿಬಯಾಟಿಕ್‌ನಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ; ಆ ನಷ್ಟ ಕಾಣುವುದು ಐಸಿಯುನಲ್ಲಿ. ನಮ್ಮ ದೇಶದ 10 ಆಸ್ಪತ್ರೆಗಳ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದಲ್ಲಿ, ಕೋವಿಡ್ ಜೊತೆ ಇನ್ನೊಂದು ಸೋಂಕು ತಗುಲಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತೀರಿಕೊಂಡಿದ್ದರು. ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳೇ ಅಲ್ಲಿ ಮುಂದು. ಇವುಗಳಲ್ಲಿ ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯಾಟಿಕ್‌ಗೂ ಬಗ್ಗದವು ಬಹಳ.

ವೆಂಟಿಲೇಟರ್‌ನಲ್ಲಿ ಇರುವವರಿಗೆ ಹೊಸ ಸೋಂಕಿನ ಅನುಮಾನ ಬಂದರೆ ಆಂಟಿಬಯಾಟಿಕ್ ಕೊಡಲು ತಡ ಮಾಡಬಾರದು, ನಿಜ. ಆದರೆ ಮೊದಲ ಡೋಸ್‌ಗೆ ಮುಂಚೆಯೇ ಕಲ್ಚರ್‌ಗೆ (ರೋಗಿಯ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಲ್ಯಾಬ್‌ನಲ್ಲಿ ನೋಡುವ ಪರೀಕ್ಷೆಗೆ) ಕಳಿಸಿ, ಅದರಲ್ಲಿ ಏನೂ ಬೆಳೆಯದೆ ರೋಗಿಯೂ ಚೇತರಿಸಿಕೊಳ್ಳುತ್ತಿದ್ದರೆ ಆಂಟಿಬಯಾಟಿಕ್ ನಿಲ್ಲಿಸಬಹುದಲ್ವಾ? ಈ ನಿಲ್ಲಿಸುವ ವಿಷಯವೇ ಲೇಖನದಲ್ಲಿ ಇಲ್ಲ.