ಹೆಣ್ಣುಮಕ್ಕಳ ಫುಟ್‌ಬಾಲ್‌ಗೂ ಒಂದು ತವರು ಬೇಕು

2020ರ ಫೆಬ್ರವರಿ 14. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್. ಗೋಕುಲಂ ಕೇರಳ ಮತ್ತು ಮಣಿಪುರದ ಕ್ರಿಪ್ಸಾ ಎದುರುಬದುರು. ಗೋಕುಲಂ ಶುರುವಿನಲ್ಲೇ ಎರಡು ಗೋಲು ಹೊಡೆಯಿತು. ಕ್ರಿಪ್ಸಾ ಹುಡುಗಿಯರು ಬಿಡಲಿಲ್ಲ, ಎರಡನ್ನೂ ತೀರಿಸಿದರು. ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನುವಾಗ ನೇಪಾಳದ ಸಬಿತ್ರಾ ಭಂಡಾರಿ ಗೋಲು ಹೊಡೆದರು. 3-2. ನಾನು ಗ್ಯಾಲರಿಯಲ್ಲಿ ಎದ್ದು ನಿಂತು ಕೂಗಿದ್ದೆ. ಮಾರನೇ ದಿನ ಆಫೀಸಲ್ಲಿ ಹೇಳಿದರೆ, ಅಂಥದ್ದೊಂದು ಲೀಗ್ ಇದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಆಗ ಲೀಗ್ ನಡೆಯುತ್ತಿದ್ದದ್ದೇ ಹಾಗೆ. ದೇಶದ ಎಲ್ಲಾ ಕಡೆಯಿಂದ ತಂಡಗಳನ್ನು ಒಂದೂರಿಗೆ ಕರೆಸುವುದು, ಮೂರು ವಾರದಲ್ಲಿ ಮುಗಿಸುವುದು, ಕಳಿಸಿಬಿಡುವುದು. ಆ ವರ್ಷ ಬಂದದ್ದು 12 ತಂಡ. ಗುಂಪಿನಲ್ಲಿ ತಲಾ 5 ಮ್ಯಾಚ್. ಕಪ್ ಗೆದ್ದವರಿಗೂ ಸಿಕ್ಕಿದ್ದು ಒಟ್ಟು 7 ಮ್ಯಾಚ್. ಆಮೇಲೆ ಕೊರೊನಾ ಬಂದು ಮುಂದಿನ ಲೀಗ್ ರದ್ದೇ ಆಯಿತು. ಮತ್ತೆ ಶುರುವಾದದ್ದು 2022ರಲ್ಲಿ. ಆಟ ಕುದುರುವ ವಯಸ್ಸಿನಲ್ಲಿ ಎರಡು ವರ್ಷ ಲೀಗ್ ಇಲ್ಲದೆ ಕೂರುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ.

ಮೊದಲ ಲೀಗ್ ನಡೆದದ್ದು 2017ರಲ್ಲಿ, ದೆಹಲಿಯಲ್ಲಿ. ಫೈನಲ್ ರೌಂಡಿಗೆ ಬಂದವು ಆರೇ ತಂಡ. ಗೆದ್ದದ್ದು ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಭಾರತ ತಂಡದ ಮಾಜಿ ನಾಯಕಿ ಬೆಂಬೆಂ ದೇವಿ ಅವರ ತಂಡ. ಆ ಆರರಲ್ಲಿ ಹರಿಯಾಣದ ಅಲಖ್‌ಪುರ ಅನ್ನುವ ಹಳ್ಳಿಯ ಹೆಸರಿನದ್ದೂ ಒಂದಿತ್ತು. ಒಂದು ಹಳ್ಳಿಯ ಹೆಸರು ದೇಶದ ಲೀಗ್‌ನ ಪಟ್ಟಿಯಲ್ಲಿ! ನೆನೆಸಿಕೊಂಡರೆ ಈಗಲೂ ಮೈ ಝುಮ್ ಅನ್ನುತ್ತದೆ.

ಆಮೇಲೆ ಲೀಗ್ ಊರೂರು ಅಲೆಯಿತು. ಶಿಲ್ಲಾಂಗ್, ಲುಧಿಯಾನ, ಬೆಂಗಳೂರು, ಭುವನೇಶ್ವರ, ಅಹಮದಾಬಾದ್. ಸೇತು ಎಫ್‌ಸಿ ಮಧುರೈನ ಕ್ಲಬ್. ಅವರು 2019ರಲ್ಲಿ ಚಾಂಪಿಯನ್ ಆದದ್ದು ಲುಧಿಯಾನದಲ್ಲಿ. ಮಧುರೈ ಎಲ್ಲಿ, ಲುಧಿಯಾನ ಎಲ್ಲಿ? ಆ ಹುಡುಗಿಯರ ಅಪ್ಪ ಅಮ್ಮ, ಶಾಲೆಯ ಪಿಟಿ ಮೇಷ್ಟ್ರು, ಪಕ್ಕದ ಮನೆಯವರು ಯಾರೂ ಅದನ್ನು ಕಣ್ಣಾರೆ ನೋಡಿರಲಿಕ್ಕಿಲ್ಲ.

ಹೋಮ್ ಗ್ರೌಂಡ್‌ಗೆ ನಮ್ಮ ಪತ್ರಿಕೆಗಳಲ್ಲಿ ತವರು ಮೈದಾನ ಅಂತ ಬರೆಯುತ್ತಾರೆ. ಎಷ್ಟು ಒಳ್ಳೆಯ ಮಾತು ಅಲ್ವಾ? ತವರು ಅಂದರೆ ನಮ್ಮ ದಾರಿ ಕಾಯುವವರು ಇರುವ ಜಾಗ. ಸೋತು ಬಂದರೂ ಊಟಕ್ಕೆ ಬಾ ಅನ್ನುವ ಜಾಗ. ಗಂಡಸರ ತಂಡಗಳಿಗೆ ಅದು ಮೊದಲಿನಿಂದಲೂ ಇತ್ತು. ಹೆಣ್ಣುಮಕ್ಕಳ ಕ್ಲಬ್‌ಗಳಿಗೆ ಆರು ಸೀಸನ್ ಇರಲಿಲ್ಲ.

2023-24ರಲ್ಲಿ ಮೊದಲ ಸಲ ಲೀಗ್ ತವರಿನಲ್ಲಿ ಒಂದು, ಎದುರಾಳಿಯ ಊರಲ್ಲಿ ಒಂದು ಅನ್ನುವ ಲೆಕ್ಕದಲ್ಲಿ ನಡೆಯಿತು. 7 ತಂಡ, ತಲಾ 12 ಮ್ಯಾಚ್. ಒಡಿಶಾ ಎಫ್‌ಸಿ ಗೆದ್ದಿತು. ಮುಂದಿನ ಸೀಸನ್‌ಗೆ 8 ತಂಡ, ತಲಾ 14 ಮ್ಯಾಚ್. ಈಸ್ಟ್ ಬೆಂಗಾಲ್ ಕಪ್ ಗೆದ್ದದ್ದು ಬಂಗಾಳದಲ್ಲೇ, ತನ್ನ ಜನರ ಮುಂದೆ.

ಮ್ಯಾಚ್ ಜಾಸ್ತಿಯಾದರೆ ಏನಾಗುತ್ತದೆ? 2024ರ ಅಕ್ಟೋಬರ್‌ನಲ್ಲಿ ಒಡಿಶಾ ತಂಡ ಏಷ್ಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಜಪಾನಿನ ಉರಾವಾ ಎದುರು 17-0ಯಲ್ಲಿ ಸೋತಿತ್ತು. ಆ ಸ್ಕೋರ್ ನೋಡಿ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ವರ್ಷ ಕಳೆಯಿತು. 2025ರ ನವೆಂಬರ್‌ನಲ್ಲಿ ಅದೇ ಟೂರ್ನಿಯಲ್ಲಿ ಈಸ್ಟ್ ಬೆಂಗಾಲ್ ಇರಾನಿನ ಬಾಮ್ ಖಾತೂನ್ ತಂಡವನ್ನು 3-1ರಲ್ಲಿ ಸೋಲಿಸಿತು. ಅದಕ್ಕೂ ಮೊದಲು ಜುಲೈನಲ್ಲಿ ನಮ್ಮ ದೇಶದ ತಂಡ ಥಾಯ್ಲೆಂಡ್‌ಗೆ ಹೋಗಿ, ಅವರದ್ದೇ ನೆಲದಲ್ಲಿ 2-1ರಿಂದ ಗೆದ್ದು ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಬೇರೆ ಕಾರಣಗಳೂ ಇರುತ್ತವೆ, ಒಪ್ಪುತ್ತೇನೆ. ಆದರೆ ವರ್ಷಕ್ಕೆ 7 ಮ್ಯಾಚ್ ಆಡುವವರ ಕಾಲಿಗೂ 14 ಮ್ಯಾಚ್ ಆಡುವವರ ಕಾಲಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. 2023ರ ಮಾರ್ಚ್‌ನಲ್ಲಿ ನಮ್ಮ ಕಂಠೀರವದಲ್ಲೇ ಕೇರಳ ಬ್ಲಾಸ್ಟರ್ಸ್ ಪುರುಷರ ತಂಡ ಬೆಂಗಳೂರು ಎಫ್‌ಸಿ ಎದುರಿನ ಮ್ಯಾಚನ್ನು ಅರ್ಧಕ್ಕೆ ಬಿಟ್ಟು ನಡೆಯಿತು. ಎದುರಾಳಿಗಳು ಸಜ್ಜಾಗುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲಿನ ಜಗಳ ನಿಮಗೂ ನೆನಪಿರಬಹುದು. ಕ್ಲಬ್‌ಗೆ 4 ಕೋಟಿ ದಂಡ ಬಿತ್ತು. ಕ್ಲಬ್ ಏನು ಮಾಡಿತು? ದಂಡದ ಹೊರೆ ಅಂತ ಹೇಳಿ ಒಂದೇ ವರ್ಷದ ಮಹಿಳಾ ತಂಡವನ್ನು ನಿಲ್ಲಿಸಿತು. ಮೈದಾನ ಬಿಟ್ಟು ಹೋದವರು ಆಡುತ್ತಲೇ ಇದ್ದರು. ಆ ರಾತ್ರಿ ಕಂಠೀರವಕ್ಕೆ ಕಾಲೇ ಇಡದ ಹುಡುಗಿಯರ ತಂಡ ಹೋಯಿತು.

ಅದರ ಹಿಂದಿನ ವರ್ಷ ಗೋಕುಲಂ ಹುಡುಗಿಯರು ಏಷ್ಯಾದ ಕ್ಲಬ್ ಟೂರ್ನಿಗೆ ತಾಷ್ಕೆಂಟ್‌ಗೆ ಹೋಗಿದ್ದರು. ಅಲ್ಲಿ ಇಳಿದ ಮೇಲೆ ತಿಳಿಯಿತು, ಫಿಫಾ ಭಾರತದ ಫುಟ್‌ಬಾಲ್ ಸಂಸ್ಥೆಯನ್ನೇ ಅಮಾನತು ಮಾಡಿದೆ ಅಂತ. ಅವರು ಪ್ರಧಾನಿಗೂ ಮನವಿ ಮಾಡಿದರು. ಆಗಲಿಲ್ಲ. ಒಂದು ಮ್ಯಾಚೂ ಆಡದೆ ವಾಪಸ್ ಬಂದರು. ಸಂಸ್ಥೆ ನಡೆಸುವವರ ಜಗಳದಲ್ಲಿ ಈ ಮಕ್ಕಳ ಪಾಲೇನಿತ್ತು?

ಇದನ್ನೆಲ್ಲ ಹೇಳಿದರೆ ಕೆಲವರು ಕೇಳುತ್ತಾರೆ, ಜನ ನೋಡದಿದ್ದರೆ ದುಡ್ಡು ಎಲ್ಲಿಂದ ಬರಬೇಕು, ಖರ್ಚು ಜಾಸ್ತಿ, ಒಂದೇ ಊರಲ್ಲಿ ಮುಗಿಸಿದರೆ ಆಗಲ್ವಾ ಅಂತ. ಖರ್ಚಿನ ಮಾತು ಸುಳ್ಳಲ್ಲ. ವಿಮಾನ, ಹೋಟೆಲ್, ಮೈದಾನದ ಬಾಡಿಗೆ ಎಲ್ಲಾ ಇದೆ. ಆದರೆ ನಮ್ಮೂರಲ್ಲಿ ಆಡದ ತಂಡವನ್ನು ನಾವು ನೋಡುವುದಾದರೂ ಹೇಗೆ? ಮೊದಲು ತಂಡ ಊರಿಗೆ ಬರಬೇಕು. ಜನ ನಿಧಾನಕ್ಕೆ ಬರುತ್ತಾರೆ. ಸಂಬಳದ ವಿಷಯದಲ್ಲಿ ಭಾರತದ ಫುಟ್‌ಬಾಲ್ ಸಂಸ್ಥೆ 2023ರಲ್ಲಿ ಒಂದು ಹೆಜ್ಜೆ ಇಟ್ಟಿತು, ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ಕೊಡಬೇಕು ಅಂತ. ಒಳ್ಳೆಯದೇ. ಆದರೆ ಹನ್ನೊಂದನೆಯವಳ ಮನೆಯಲ್ಲೂ ಒಲೆ ಉರಿಯಬೇಕಲ್ಲ?

ನಮ್ಮ ಬೆಂಗಳೂರಿಗೂ ಒಂದು ಕ್ಲಬ್ ಇದೆ. ಕಿಕ್‌ಸ್ಟಾರ್ಟ್ ಎಫ್‌ಸಿ. 2023ರಲ್ಲಿ ಅಹಮದಾಬಾದ್‌ನಲ್ಲಿ 16 ತಂಡಗಳ ನಡುವೆ ಆಡಿ ಫೈನಲ್‌ವರೆಗೆ ಹೋದವರು. ಅಲ್ಲಿ ಗೋಕುಲಂ ಎದುರು 5-0ಯಲ್ಲಿ ಸೋತರು ನಿಜ. ಆದರೂ ದೇಶಕ್ಕೆ ಎರಡನೆಯವರು. ಆರ್‌ಸಿಬಿ ಎರಡನೆಯ ಸ್ಥಾನಕ್ಕೆ ಬಂದ ವರ್ಷಗಳಲ್ಲೂ ನಾವು ಅವರನ್ನು ಎಷ್ಟು ಪ್ರೀತಿಸಿದ್ದೇವೆ! ಅದರಲ್ಲಿ ಕಾಲು ಭಾಗ ಇವರಿಗೂ ಸಿಗಲಿ ಅಂತ ನನ್ನಾಸೆ.

ನನ್ನ ಮಗಳಿಗೆ ಈಗ 11 ವರ್ಷ. ಕಳೆದ ವರ್ಷ ಒಂದು ಕೋಚಿಂಗ್ ಸೆಂಟರ್‌ಗೆ ಸೇರಿಸಲು ಹೋದೆ. "ಹುಡುಗಿಯರ ಬ್ಯಾಚ್ ಇಲ್ಲ ಮೇಡಂ, ಬ್ಯಾಡ್ಮಿಂಟನ್‌ಗೆ ಹಾಕಿ" ಅಂದರು. ಈಗ ಬೇರೆ ಕಡೆ ಹುಡುಗರ ಜೊತೆಯಲ್ಲೇ ಆಡುತ್ತಾಳೆ, ಲೆಫ್ಟ್ ಬ್ಯಾಕ್. ಮೊನ್ನೆ ಸ್ಕೂಟರ್ ಹಿಂದೆ ಕೂತು ಕೇಳಿದಳು, "ಅಮ್ಮಾ, ದೊಡ್ಡವಳಾದ ಮೇಲೆ ನಾನು ಯಾವ ಟೀಮಿಗೆ ಆಡೋದು?" ಕಿಕ್‌ಸ್ಟಾರ್ಟ್ ಹೆಸರು ಹೇಳಿದೆ. "ಅವರ ಮ್ಯಾಚ್ ತೋರಿಸ್ತೀಯಾ?" ಅಂದಳು.

ತೋರಿಸಬೇಕು. ಅವರು ನಮ್ಮೂರಲ್ಲಿ ಆಡುವ ದಿನಾಂಕ ಗೊತ್ತಾದ ತಕ್ಷಣ ಇಲ್ಲೇ ಹಾಕುತ್ತೇನೆ. ಮನೆಯ ಮಕ್ಕಳನ್ನು ಕರೆದುಕೊಂಡು ಬರುವವರು ಕಾಮೆಂಟ್‌ನಲ್ಲಿ ಹೇಳಿ, ಒಟ್ಟಿಗೆ ಕೂರೋಣ.